ಕಲ್ಲುಗುಡಿ ಓಣಿಯ ಹಿತ್ತಲ ಪಡವಿ

ಕಲ್ಲುಗುಡಿ ಓಣಿ, ಹಾವೇರಿ
೨ ಫೆಬ್ರುವರಿ ೨೦೨೫, ರವಿವಾರ

ಪ್ರೀತಿಯ ಪ್ರಿಯಾಂಕಾ,

ನಿನ್ನ ಅತ್ತೆ ಮಂಗಳವ್ವ ನಿನ್ನ ತಲೆ ನೇವರಿಸಿ, ಕೂಸಿನ ಅಂಗಾಲಿಗೆ ಮುತ್ತು ಕೊಟ್ಟು ಬರೆಯುವುದು. ನೀನು ಹೇಗಿದ್ದಿ? ಅಂಜಲಿ ಹೇಗಿದ್ದಾಳೆ? ಹೋದ ವಾರ ಫೋನಿನಲ್ಲಿ ಅವಳು ಸೀನಿದ್ದು ಕೇಳಿಸಿತು. ಈಗ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ, ಪೇಟೆಯ ಘಾಟು ಮನೆಯೊಳಗೂ ಬರುತ್ತದೆ. ನಿಮ್ಮೂರವರಿಗೆ ಅದು ಗೊತ್ತೇ ಆಗುವುದಿಲ್ಲ, ಹುಟ್ಟಿದಾಗಿನಿಂದ ರೂಢಿ. ಆದರೆ ನನ್ನ ಮೊಮ್ಮಗಳ ಮೂಗು ಅರ್ಧ ಹಾವೇರಿಯದು. ಸೋಮವಾರ, ಗುರುವಾರ ಪೇಟೆ ಇರುವ ದಿನವಾದರೂ ರಸ್ತೆ ಕಡೆಯ ಕಿಟಕಿ ಹಾಕಿಕೊಳ್ಳಿ. ಕಿವಿಗೆ ಹತ್ತಿ ಇಡು, ತಲೆಯ ಕುಂಚಿಗೆ ಬಿಚ್ಚಬೇಡ. ನಿನಗೆ ಸೊಂಟನೋವು ಕಡಿಮೆಯಾಯಿತೇ? ಅಂಟಿನ ಉಂಡಿ ಸಾಕಾಯಿತು ಎಂದು ನೀನು ಅಡ್ಡಮುಖ ಹಾಕುತ್ತಿ ಅಂತ ನಿಮ್ಮ ಅವ್ವ ಹೇಳಿದರು. ಮುಖ ಅಡ್ಡ ಹಾಕಿಕೊಂಡೇ ತಿನ್ನು, ಹೊಟ್ಟೆಗೆ ಹೋದರೆ ಸಾಕು. ತಣ್ಣೀರಲ್ಲಿ ಕೈ ಇಡಬೇಡ. ಬಾಣಂತನದ ನೋವುಗಳು ಆಮೇಲೆ ಐವತ್ತಕ್ಕೆ ಬಂದು ಬಾಗಿಲು ಬಡಿಯುತ್ತವೆ, ಅದನ್ನು ನನ್ನ ಮಂಡಿಗಳನ್ನು ಕೇಳಿ ತಿಳಿದುಕೋ.

ಫೋನು ಇರುವಾಗ ಈ ಮುದುಕಿಗೆ ಕಾಗದ ಬರೆಯುವ ಹುಚ್ಚೇಕೆ ಎಂದು ನಗಬೇಡ. ನಾನು ಫೋನು ಹಿಡಿದರೆ ನಿನ್ನ ಮಾವ ಪಕ್ಕದಲ್ಲೇ ಕುಳಿತು "ಕೂಸಿಗೆ ಕೊಡಂತ ಹೇಳು, ಕೂಸಿಗೆ ಕೊಡಂತ ಹೇಳು" ಎನ್ನುತ್ತಾರೆ. ಮಾತು ಬಾರದ ಕೂಸಿನ ಹತ್ತಿರ ಅವರಿಗೆ ಏನು ಮಾತು ಇರುತ್ತದೋ ಆ ಶಿವನಿಗೇ ಗೊತ್ತು. ನೀನು ಫೋನು ಹಿಡಿದರೆ ಅಲ್ಲಿ ನಿನ್ನ ತವರಿನವರೆಲ್ಲ ಸುತ್ತ ಕೂಡುತ್ತಾರೆ, ನಿಮ್ಮ ಅಪ್ಪನವರು ಸ್ಪೀಕರ್ ಹಚ್ಚುತ್ತಾರೆ. ಅತ್ತೆ ಸೊಸೆಗೆ ಹೇಳುವ ಮಾತನ್ನು ಹಾಗೆ ಹತ್ತು ಜನ ಕೇಳುವಂತೆ ಹೇಳಲು ಬರುವುದಿಲ್ಲ. ಅದೂ ಅಲ್ಲದೆ ನಾನು ಅಗಡಿ ಶಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದವಳು. ಈ ಓಣಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಸುತ್ತಲಿನ ಹೆಂಗಸರ ಕಾಗದಗಳನ್ನೆಲ್ಲ ನಾನೇ ಬರೆದು ಕೊಡುತ್ತಿದ್ದೆ. ಅಕ್ಷರ ಇನ್ನೂ ದುಂಡಗಿದೆ ನೋಡು. ಎದುರುಮನೆಯ ಕಲ್ಲೇಶ ನಾಳೆ ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿ ಪೇಟೆಗೆ ಬರುತ್ತಾನೆ, ಅವನ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ. ಅವನಿಗೆ ಚಹಾ ಕುಡಿಸದೆ ಕಳಿಸಬೇಡ.

ಈಗ ಸುದ್ದಿಗೆ ಬರುತ್ತೇನೆ. ಹೋದ ವರ್ಷ ನಾಗರಪಂಚಮಿ ಮುಗಿಸಿ ನೀನು ತವರಿಗೆ ಹೊರಡುವ ಹಿಂದಿನ ದಿನ, ಬ್ಯಾಗು ತುಂಬುತ್ತ, ನನ್ನ ಮುಖ ನೋಡದೆ ಒಂದು ಮಾತು ಹೇಳಿದೆ. "ಅತ್ತಿ, ಸಿಟ್ಟಾಗಬ್ಯಾಡ್ರಿ. ಕೂಸು ಹುಟ್ಟಿದ ಮ್ಯಾಲೆ ನಾವು ರಾಣೆಬೆನ್ನೂರಾಗ ಮನಿ ಮಾಡಬೇಕಂತೇವಿ. ಇವರಿಗೂ ದಿನಾ ಬಸ್ಸಿನ ತ್ರಾಸ ತಪ್ಪತೈತಿ, ನನಗೂ ರೊಟ್ಟಿ ಕೆಲಸಕ್ಕ ಜಾಗಾ ಸಿಗತೈತಿ." ನಾನು ನಿನ್ನ ಸೀರೆ ಮಡಚಿ ಕೊಡುತ್ತ ಕುಳಿತೆ. ಸಿಟ್ಟು ಬಂದಿರಲಿಲ್ಲ ಪ್ರಿಯಾಂಕಾ, ಬೇಸರವಾಯಿತು, ಅದು ಬೇರೆ. ನೀನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಕಿರಣ ಬೀಜದ ಕಂಪನಿಯ ಕೆಲಸಕ್ಕೆ ದಿನಾ ರಾಣೆಬೆನ್ನೂರಿಗೆ ಹೋಗಿ ಬರುವುದರಲ್ಲಿ ಅರ್ಧ ಜೀವವಾಗುತ್ತಾನೆ. ನೀನು ಎಷ್ಟು ಹುರುಪಿನಿಂದ ಖಡಕ್ ರೊಟ್ಟಿಯ ಕೆಲಸ ಶುರು ಮಾಡಿದ್ದೆ. ಖಾನಾವಳಿಯವರು, ಮದುವೆ ಮನೆಯವರು ಬಾಗಿಲಿಗೆ ಬಂದು ಹೇಳಿ ಹೋಗುತ್ತಿದ್ದರು. ಆದರೆ ನಮ್ಮ ಅಡುಗೆಮನೆಯಲ್ಲಿ ಕಟ್ಟಿಗೆ ಒಲೆಯ ಹೊಗೆ ಹೋಗಲು ದಾರಿಯಿಲ್ಲ, ಅದು ನೇರ ಪಡಸಾಲೆಗೆ ಬಂದು ನಿನ್ನ ಮಾವನ ಎದೆಗೆ ಹೋಗುತ್ತಿತ್ತು. ಬೇಡ ಎಂದು ಅವರು ಒಂದು ದಿನವೂ ಅನ್ನಲಿಲ್ಲ. ಅವರು ಕೆಮ್ಮಿದಾಗಲೆಲ್ಲ ನೀನು ಒಲೆಯಿಂದ ಒಂದೊಂದು ಕೊಳ್ಳಿ ಹಿಂದೆ ಎಳೆಯುವುದನ್ನು ನಾನು ನೋಡುತ್ತಿದ್ದೆ. ಕೊನೆಗೆ ಒಲೆ ಹೊತ್ತಿಸುವುದನ್ನೇ ಬಿಟ್ಟೆ. ರೊಟ್ಟಿ ಬಡಿಯುವಾಗ ನಿನ್ನ ಮುಖದಲ್ಲಿ ಇರುತ್ತಿದ್ದ ಗೆಲುವು ಆಮೇಲೆ ನನಗೆ ಕಾಣಲಿಲ್ಲ. ನೀನು ಹೋದ ಮೇಲೆ ಕಣ್ಣೀರು ಹಾಕುತ್ತ ಕೂಡುವುದಕ್ಕಿಂತ ಈ ಮನೆಯಲ್ಲೇ ನಿನ್ನ ಒಲೆಗೊಂದು ಜಾಗ ಮಾಡಬೇಕು ಎಂದು ಮನಸ್ಸಿಗೆ ತಂದುಕೊಂಡೆ. ಅದಕ್ಕೇ ಹಿತ್ತಲಲ್ಲಿ ಪಡವಿ ಕಟ್ಟಿಸುತ್ತಿದ್ದೇವೆ. ಮುಚ್ಚುಮರೆ ಏಕೆ, ನೀನೂ ಕೂಸೂ ಈ ಹೊಸ್ತಿಲಿಗೇ ತಿರುಗಿ ಬರಲಿ ಎಂಬ ಆಸೆಯಿಂದಲೇ ಶುರು ಮಾಡಿದ್ದು. ರಾಣೆಬೆನ್ನೂರಿನ ಮಾತು ನಿನ್ನ ಮಾವನಿಗೆ ಇವತ್ತಿನವರೆಗೂ ಗೊತ್ತಿಲ್ಲ.

ಹಳೆಯ ಪಡವಿ ನಿನಗೆ ನೆನಪಿರಬೇಕು. ಹಿತ್ತಲ ಬಾಗಿಲು ದಾಟಿದ ಕೂಡಲೇ ನಮ್ಮ ಹಿಂದಿನ ಗೋಡೆಗೆ ಆತುಕೊಂಡು ಇಳಿಜಾರು ಮಾಡು ಒಂದಿತ್ತಲ್ಲ, ಅರ್ಧ ಹಂಚು, ಅರ್ಧ ತಗಡು, ಗೆದ್ದಲು ತಿಂದ ಕಂಬಗಳು. ಒಳಗೆ ಕಟ್ಟಿಗೆ, ಮುರಿದ ಕೂರಿಗೆ, ಮತ್ತು ಲೆಕ್ಕವಿಲ್ಲದಷ್ಟು ಚೇಳು. ನೀನು ಬಂದ ಮೇಲೆ ಆ ಕಡೆ ಕಾಲಿಡಲು ನಾನು ಬಿಟ್ಟವಳೇ ಅಲ್ಲ. ನಾನು ಮದುವೆಯಾಗಿ ಬಂದಾಗ ಅದು ಹಾಗಿರಲಿಲ್ಲ. ಮೂಲೆಯಲ್ಲಿ ನೀರು ಕಾಯಿಸುವ ಹಂಡೆ ಒಲೆ ಇತ್ತು, ಚಳಿಗಾಲದಲ್ಲಿ ಅದರ ಮುಂದೆ ಬೆಕ್ಕಿನ ಹಾಗೆ ಕುಳಿತುಬಿಡುತ್ತಿದ್ದೆ. ಮುಂದಿನ ಕಟ್ಟೆ ಗಂಡಸರದು. ಅಲ್ಲಿ ಹಾದುಹೋಗುವಾಗಲೂ ಸೆರಗು ಎಳೆದುಕೊಳ್ಳಬೇಕು. ಹೆಂಗಸರು ಕಾಲು ಚಾಚಿ ಕುಳಿತು, ಶೇಂಗಾ ಸುಲಿಯುತ್ತ, ಮನಸ್ಸಿಗೆ ಬಂದದ್ದು ಮಾತಾಡಲು ಆ ಪಡವಿ ಒಂದೇ ಜಾಗ. ಗೀಸರು ಬಂದ ಮೇಲೆ ಹಂಡೆ ಹೋಯಿತು, ಹಂಡೆಯ ಹಿಂದೆ ನಾವೂ ಒಳಗೆ ಸೇರಿದೆವು, ಪಡವಿ ಪಾಳು ಬಿತ್ತು.

ನಿನ್ನ ಮಾವನಿಗೆ ನಾನು ಸೊಸೆಯ ಒಲೆ ಎಂದು ಹೇಳಲಿಲ್ಲ. ಕೂಸು ಬರುತ್ತದೆ, ಕೂಸಿಗೆ ಎರೆಯಲು ಬೆಚ್ಚಗಿನ ಜಾಗ ಬೇಕು, ಹಿಂದೆ ಪಡವಿ ಕಟ್ಟಿಸೋಣ ಅಂದೆ. "ಕೂಸಿಗಂದ ಮ್ಯಾಲೆ ಮುಗೀತು, ನನ್ನನ್ನೇನ ಕೇಳತಿ" ಎಂದು ಎದ್ದೇಬಿಟ್ಟರು. ಆದರೆ ನಮ್ಮ ಓಣಿ ನಿನಗೆ ಗೊತ್ತಲ್ಲ. ಕಲ್ಲುಗುಡಿ ನೂರಾರು ವರ್ಷದ್ದು, ಅದರ ಮುಂದೆ ಸರಕಾರದವರ ನೀಲಿ ಫಲಕ. ಗುಡಿಯ ಸುತ್ತ ಹೊಸದಾಗಿ ಯಾರೂ ಏನನ್ನೂ ಕಟ್ಟುವಂತಿಲ್ಲ. ಇದ್ದದ್ದನ್ನು ದುರಸ್ತಿ ಮಾಡಬೇಕಾದರೂ ಪುರಾತತ್ವದವರ ಅಪ್ಪಣೆ ಬೇಕು. ಕಿರಣ ಅರ್ಜಿ ಬರೆದುಕೊಟ್ಟ, ಇವರು ಒಯ್ದು ಕೊಟ್ಟು ಬಂದರು. ಮುಂದಿನ ವಾರ ಆಫೀಸಿನಿಂದ ಒಬ್ಬರು ಬಂದು ಜಾಗ ನೋಡುತ್ತಾರೆ ಎಂದು ಫೋನು ಬಂತು. ಅಲ್ಲಿಗೆ ನಮ್ಮ ಶಾಣ್ಯಾತನ ಶುರುವಾಯಿತು.

ನಿನ್ನ ಮಾವ ಹಗ್ಗದ ಅಂಗಡಿಯವರು. ಮಿಣಿ, ಕಣ್ಣಿ, ತಾಡಪಾಲು ಎಲ್ಲವನ್ನೂ ಅವರು ಜೋಡಿಸಿಟ್ಟ ರೀತಿ ನೀನು ನೋಡಿದ್ದಿ. ಸುರುಳಿಯಿಂದ ಒಂದು ಎಳೆ ಹೊರಗೆ ಚಾಚಿದ್ದರೆ ಅವರಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ದೊಡ್ಡ ಆಫೀಸಿನವರು ಬರುತ್ತಾರೆ, ಬಂದವರ ಕಣ್ಣಿಗೆ ಆ ಪಾಳು ಪಡವಿ, ಚೇಳು, ತಗಡು ಬೀಳಬಾರದು ಎಂದು ಅವರಿಗೆ ಹೊಳೆದಿದೆ. ನಾನು ಕರ್ಜಗಿಗೆ ತಂಗಿಯ ಮನೆಗೆ ಹೋಗಿದ್ದೆ. ತಿರುಗಿ ಬಂದು ಹಿತ್ತಲ ಬಾಗಿಲು ತೆರೆದರೆ ಬಯಲೋ ಬಯಲು. ತಗಡು ಗುಜರಿಗೆ ಹೋಗಿತ್ತು, ಕಂಬಗಳು ಕಟ್ಟಿಗೆಯಾಗಿದ್ದವು, ಒಡೆದ ಹಂಚು ಟ್ರ್ಯಾಕ್ಟರ್ ಹತ್ತಿ ಹೋಗಿತ್ತು. ಮೇಲೆ ಕೆಂಪು ಗರಸು ಮಣ್ಣು ಹಾಕಿಸಿ, ನೀರು ಹೊಡೆಸಿ, ದಮ್ಮಸು ಮಾಡಿಸಿ ಅಂಗೈಯಷ್ಟು ಸಪಾಟ ಮಾಡಿಟ್ಟಿದ್ದರು. ನಮ್ಮ ಮನೆಯ ಹಿಂದಿನ ಗೋಡೆಗೆ ಹೊಸ ಸುಣ್ಣ. ನಾನಾದರೂ ಬೈಯಬೇಕಿತ್ತು. ಬೈಯಲಿಲ್ಲ, ಎಷ್ಟು ಚಂದವಾಯಿತು ಎಂದು ಖುಷಿಪಟ್ಟೆ. ಅವರು ಬರುವ ದಿನ ಬೆಳಿಗ್ಗೆ ಎದ್ದು ಸೆಗಣಿಯಿಂದ ಸಾರಿಸಿ, ನಡುವೆ ದೊಡ್ಡದೊಂದು ರಂಗೋಲಿ ಹಾಕಿದೆ. ಹೆಣ್ಣು ನೋಡಲು ಬರುವವರಿಗೆ ಮನೆ ಸಿಂಗರಿಸಿದ ಹಾಗೆ ಗಂಡ ಹೆಂಡತಿ ಇಬ್ಬರೂ ಸಿಂಗರಿಸಿ ಕುಳಿತೆವು.

ಬಂದವಳು ಸ್ನೇಹಾ ಮೇಡಂ ಎಂಬ ಹುಡುಗಿ, ನಿನ್ನ ವಯಸ್ಸಿನವಳೇ. ಹಿತ್ತಲಿಗೆ ಬಂದು ರಂಗೋಲಿ ತುಳಿಯದಂತೆ ಪಕ್ಕಕ್ಕೆ ನಿಂತು, "ಕಾಕಾರ, ಇಲ್ಲೆ ಮೊದಲ ಏನಿತ್ತರಿ?" ಎಂದು ಕೇಳಿದಳು. ನಿನ್ನ ಮಾವ ಎದೆ ಸೆಟೆಸಿ, "ಏನೂ ಇಲ್ಲರಿ ಮೇಡಂ, ಎಲ್ಲಾ ಸ್ವಚ್ಛ ಐತಿ, ನೋಡ್ರಿ ಬೇಕಾದ್ರ" ಅಂದರು. ಪಾಪ, ಆ ಹುಡುಗಿಯ ಮುಖ ಇಳಿಯಿತು. "ಇದ್ದದ್ದನ್ನ ದುರಸ್ತಿ ಮಾಡತೇವಿ ಅಂದಿದ್ರ ನಾ ಬರಕೊಂಡು ಹೋಗತಿದ್ನಿರಿ. ಬಯಲಾಗ ಕಟ್ಟತೇವಿ ಅಂದ್ರ ಅದು ಹೊಸಾದು. ಗುಡಿ ಮಗ್ಗಲ ಹೊಸಾದು ಕಟ್ಟಾಕ ಬರೂದಿಲ್ಲರಿ." ಆಮೇಲೆ ನಾವು ಇಬ್ಬರೂ ಒಮ್ಮೆಲೇ ಇತ್ತರಿ, ಪಡವಿ ಇತ್ತರಿ, ಮೊನ್ನೆ ಕೆಡವಿದೆವರಿ ಎಂದು ಬಡಬಡಿಸಿದೆವು. ಆಕೆ ಸುತ್ತ ನೋಡಿದಳು. ಇದ್ದದ್ದಕ್ಕೆ ಒಂದು ಗುರುತೂ ಉಳಿದಿರಲಿಲ್ಲ. ಅಷ್ಟು ಸ್ವಚ್ಛ ಮಾಡಿದ್ದೆವು. "ಗುರುತು ಏನರ ಸಿಕ್ರ ಫೋನ್ ಮಾಡ್ರಿ, ಮತ್ತೊಮ್ಮೆ ಬಂದು ನೋಡತೇನಿ" ಎಂದು ನಂಬರು ಕೊಟ್ಟು, ನಾನು ಮಾಡಿದ ಮಂಡಕ್ಕಿ ಸೂಸಲ ತಿಂದು ಹೋದಳು.

ಆ ದಿನ ನಿನ್ನ ಮಾವ ಊಟಕ್ಕೆ ಕುಳಿತವರು ರೊಟ್ಟಿ ಮುರಿಯುತ್ತಲೇ ಇದ್ದರು, ಬಾಯಿಗೆ ಇಡಲಿಲ್ಲ. "ಕೂಸಿನ ಜಾಗಾ ನನ್ನ ಕೈಯಾರ ಹಾಳ ಮಾಡಿದ್ನಲ್ಲ" ಎಂದರು. ನನಗೆ ಮೊದಲು ನಗು ಬಂತು, ಅದರ ಹಿಂದೆಯೇ ಅಳು. ಅವರಿಗೆ ಹೋದದ್ದು ಪಡವಿ. ನನಗೆ ನೀವು ಮೂವರೂ ಹೋದಂತೆ ಅನಿಸಿತು. ಹೆರಿಗೆಯಾದ ಮೇಲೆ ಕೂಸನ್ನು ನೋಡಲು ಬಂದಾಗ ನಿನಗೆ ಇದನ್ನೆಲ್ಲ ಹೇಳಿಬಿಡಬೇಕು ಎಂದು ನಾಲಿಗೆ ತುದಿಯವರೆಗೆ ಬಂದಿತ್ತು. ಆದರೆ ಆಗುತ್ತದೋ ಇಲ್ಲವೋ ತಿಳಿಯದ ಕೆಲಸ, ಬಾಣಂತಿಯ ತಲೆಗೆ ಏಕೆ ಹಚ್ಚಬೇಕು ಎಂದು ನುಂಗಿಕೊಂಡೆ. ಕಿರಣನಿಗೂ ಬಾಯಿ ಬಿಡಬೇಡ ಅಂದಿದ್ದೆ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅರ್ಧ ನಿನಗೆ ಹೇಳಿಯೇ ಇರುತ್ತಾನೆ. ಉಳಿದರ್ಧ ಅವನಿಗೂ ಸರಿಯಾಗಿ ಗೊತ್ತಿಲ್ಲ, ಅದನ್ನು ನನ್ನಿಂದ ಕೇಳು.

ಹಿತ್ತಲ ಎಡಗಡೆಗೆ ಇಸ್ಮಾಯಿಲಸಾಬರ ಮನೆಯ ಗೋಡೆ ಇದೆಯಲ್ಲ, ಅದಕ್ಕೆ ನಮ್ಮ ಪಡವಿಯ ಒಂದು ಮಗ್ಗಲು ತಾಗಿತ್ತು. ನಮ್ಮ ಹಂಡೆ ಒಲೆಯ ಹೊಗೆ ವರ್ಷಾನುಗಟ್ಟಲೆ ಬಡಿದು ಅವರ ಗೋಡೆಯೆಲ್ಲ ಮಸಿ. ಅದು ನನಗೂ ಸಾಬರ ಹೆಂಡತಿ ಆಯಿಶಾಗೂ ಹಳೆಯ ವ್ಯಾಜ್ಯ. ಪ್ರತಿ ರಂಜಾನ್ ಮುಂದೆ ಮನೆಗೆ ಸುಣ್ಣ ಹಚ್ಚುವಾಗ ಆಕೆ ಬಂದು, "ಅಕ್ಕಾರ, ಆ ಮಸಿ ತಿಕ್ಕಿಸಿ ಕೊಡ್ರಿ" ಎನ್ನುವುದು. "ಗೋಡಿ ನಿಮ್ಮದೈತಿ, ಹೊಗಿ ನನ್ನ ಮಾತ ಕೇಳತೈತೇನ" ಎಂದು ನಾನು ಅನ್ನುವುದು. ಆಮೇಲೆ ನಾಲ್ಕು ದಿನ ಮಾತಿಲ್ಲ, ಐದನೇ ದಿನ ಅವರ ಮನೆಯ ಸುರಕುಂಬಾ ನಮ್ಮ ಮನೆಗೆ. ಈ ಸಲ ಪಡವಿ ಕಿತ್ತು ಹಾಕಿದ್ದು ಆಯಿಶಾಗೆ ಹಬ್ಬವಾಯಿತು. ಮಗಳು ಮುಸ್ಕಾನಳ ನಿಕಾಹ್ ಗೊತ್ತಾಗಿತ್ತು, ಮನೆಗೆಲ್ಲ ಹಸಿರು ಬಣ್ಣ ಹೊಡೆಸುತ್ತಿದ್ದರು. ಇಷ್ಟು ವರ್ಷಕ್ಕೆ ಆ ಗೋಡೆಯ ಮುಂದೆ ನಿಚ್ಚಣಿಕೆ ಇಡಲು ಜಾಗವಾಗಿತ್ತು. ಬಣ್ಣ ಹೊಡೆಯುವ ಅಯಾಜ್, ಆಯಿಶಾಳ ತಮ್ಮನೇ, ನಮ್ಮ ಹಿತ್ತಲಿಗೆ ಬಂದು ನಿಚ್ಚಣಿಕೆ ಹತ್ತಿ ನಿಂತ. ನಾನು ಬಟ್ಟೆ ಒಣಗಿಸಲು ಹಾಕುತ್ತ ಸುಮ್ಮನೆ ಮೇಲೆ ನೋಡಿದೆ.

ಪ್ರಿಯಾಂಕಾ, ನಮ್ಮ ಪಡವಿ ಆ ಗೋಡೆಯ ಮೇಲೆ ಹಾಗೇ ನಿಂತಿತ್ತು. ಕೆಳಗೆಲ್ಲ ಕರ್ರಗೆ ಮಸಿ, ಮೇಲೆ ಹಳೆಯ ಬಿಳಿ ಸುಣ್ಣ, ನಡುವೆ ಎತ್ತರದಿಂದ ತಗ್ಗಿಗೆ ನೂಲು ಹಿಡಿದು ಎಳೆದಂಥ ಗೆರೆ. ಮಾಡು ಎಲ್ಲಿ ಶುರುವಾಗಿ ಎಲ್ಲಿ ಮುಗಿದಿತ್ತು, ಎಷ್ಟು ಇಳಿಜಾರು, ಎಲ್ಲ ಅಲ್ಲೇ. ಅಯಾಜ್ ಬ್ರಷ್ ಅದ್ದಿ ಎತ್ತಿದ್ದ. ನಾನು ಕೈಯಲ್ಲಿದ್ದ ಒದ್ದೆ ಸೀರೆ ಬಿಟ್ಟು ಓಡಿಹೋಗಿ ನಿಚ್ಚಣಿಕೆ ಹಿಡಿದುಕೊಂಡು, "ಇಳಿಯೋ ತಮ್ಮಾ, ಮೊದಲ ಇಳಿ" ಎಂದೆ. ಅವನು ಹೆದರಿ ಇಳಿದ. ಆಯಿಶಾ ಹಿಂದಿನ ಸಂದಿಯಿಂದ ಸುತ್ತಿ ಬಂದಳು. ನಾನು ತೋರಿಸಿ ಹೇಳಿದೆ. ಆಕೆ ಸೊಂಟದ ಮೇಲೆ ಕೈ ಇಟ್ಟು ಗೋಡೆ ನೋಡಿ, "ಇಷ್ಟು ವರ್ಷ ಒರಸ್ರಿ ಅಂದ್ರ ಒರಸಲಿಲ್ಲ. ಈಗ ನಾ ಒರಸತೇನಿ ಅಂದ್ರ ಬ್ಯಾಡಂತೀರಿ. ಎಂಥಾ ಹೆಣಮಗಳರಿ ನೀವು" ಎಂದಳು. ಮದುವೆ ಮನೆ, ಹಿಂದಿನ ಸಂದಿಯಲ್ಲೇ ಪೆಂಡಾಲು ಹಾಕುವವರು, ನಮ್ಮ ಹಿತ್ತಲಿಗೆ ಆ ಕಡೆ ಮರೆಯಿಲ್ಲ, ಬೀಗರು ಬಂದು ಕುಳಿತರೆ ಎದುರಿಗೆ ಅದೇ ಗೋಡೆ. ಬಿಡಿರಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ನಿನ್ನ ವಿಷಯವನ್ನು ಆಕೆಗೆ ಹೇಳಿಬಿಟ್ಟೆ. ಸೊಸೆ ಬೇರೆ ಮನೆ ಮಾಡುತ್ತಾಳಂತೆ, ಈ ಪಡವಿಯಾದರೆ ನಿಂತಾಳೇನೋ ಎಂಬ ಆಸೆ ಎಂದೆ. ಆಕೆ ತಮ್ಮನನ್ನು ಕರೆದುಕೊಂಡು ಹೋದಳು. ಸಂಜೆಗೆ ಇಸ್ಮಾಯಿಲಸಾಬರು ನಮ್ಮ ಮುಂದಿನ ಕಟ್ಟೆಗೆ ಬಂದು ನಿನ್ನ ಮಾವನ ಪಕ್ಕ ಕುಳಿತು, "ಮೂರು ಗೋಡಿ ಹಸರ ಮಾಡತೇವರಿ ಹೇಮಪ್ಪಣ್ಣಾರ. ನಾಲ್ಕನೇದು ನಿಮ್ಮದು" ಎಂದರು.

ಹಾಗೆ ಮುಸ್ಕಾನಳ ನಿಕಾಹ್ ಮೂರು ಹಸಿರು ಗೋಡೆ, ಒಂದು ಕರಿ ಗೋಡೆಯ ನಡುವೆ ಆಯಿತು. ಬೀಗರು ಕೇಳದೆ ಬಿಡುತ್ತಾರೆಯೇ? ಆಯಿಶಾ ಮುಖ ಬಿಗಿದುಕೊಂಡು, "ಅದು ಸರಕಾರದವರು ಮುಟ್ಟಬ್ಯಾಡ್ರಿ ಅಂದ ಗೋಡಿ" ಅಂದಳಂತೆ. ಅವರು ಅದನ್ನೂ ಗುಡಿಗೆ ಸೇರಿದ್ದೇ ಎಂದು ತಿಳಿದು ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಂಡರು. ನಾನು ಮದುಮಗಳಿಗೆ ಸೀರೆ ಉಡಿಸಿ ಬಂದೆ. ಬಿರಿಯಾನಿ ಉಣ್ಣುವವರಲ್ಲ ಎಂದು ನಮಗೆ ಬೇರೆ ಒಲೆಯ ಮೇಲೆ ಗೋದಿ ಹುಗ್ಗಿ ಮಾಡಿಸಿದ್ದರು. ನಿನ್ನ ಮಾವ ಎರಡು ಸಲ ಹಾಕಿಸಿಕೊಂಡರು.

ಸ್ನೇಹಾ ಮೇಡಂ ಎರಡನೇ ಸಲ ಬಂದಾಗ ನಾವು ಕಸ ಕೂಡ ಗುಡಿಸಿರಲಿಲ್ಲ. ಆಕೆ ಮಸಿಯ ಗೆರೆಗೆ ಟೇಪು ಹಿಡಿದು ಅಳೆದಳು, ಫೋಟೋ ತೆಗೆದಳು. ಕಂಬಗಳು ಎಲ್ಲಿದ್ದವು ಎಂದು ಕೇಳಿದಳು. ನಿನ್ನ ಮಾವ ತಾವೇ ಗುದ್ದಲಿ ತಂದು, ತಾವೇ ಹಾಕಿಸಿದ ಗರಸನ್ನು ತಾವೇ ಕೆದರಿದರು. ಕಂಬ ನಿಲ್ಲಿಸುವ ಕುಣಿಕಲ್ಲುಗಳು ಒಂದಾದ ಮೇಲೊಂದು ಸಾಲಾಗಿ ಎದ್ದವು. ಭಾರವೆಂದು ಎತ್ತಲಾರದೆ ಹೂತು ಬಿಟ್ಟಿದ್ದೇ ಪುಣ್ಯ. ಹೋಗುವಾಗ ಆ ಹುಡುಗಿ ನಗುತ್ತ, "ಕಾಕಾರ, ಇನ್ನಮ್ಯಾಲೆ ಯಾರರ ನೋಡಾಕ ಬರ್ತಾರಂದ್ರ ಮನಿ ಸ್ವಚ್ಛ ಮಾಡಬ್ಯಾಡ್ರಿ" ಎಂದು ಹೇಳಿ ಹೋದಳು. ಕಾಗದಗಳು ಎಲ್ಲೆಲ್ಲೋ ಸುತ್ತಿ ಸಂಕ್ರಾಂತಿಯ ಹೊತ್ತಿಗೆ ಅಪ್ಪಣೆಯಾಗಿ ಬಂದವು. ಮೊದಲಿದ್ದಷ್ಟೇ ಉದ್ದ, ಅಷ್ಟೇ ಎತ್ತರ, ಮರದ ಕಂಬ, ಹಂಚಿನ ಮಾಡು, ಗುಡಿಗೆ ಕಾಣುವ ಕಡೆ ಸಿಮೆಂಟು ಬೇಡ. ಕಿರಣನಿಗೆ ಮೇಲೆ ಸ್ಲ್ಯಾಬ್ ಹಾಕಿಸಿ ಕೋಣೆ ಏರಿಸುವ ಆಸೆ ಇತ್ತು. ಅವನು ಸ್ವಲ್ಪ ಮುಖ ಸಣ್ಣ ಮಾಡಿದ. ನನಗೆ ಮಾತ್ರ ಇದೇ ಸರಿ ಅನಿಸಿತು. ಸ್ಲ್ಯಾಬಿನ ಕೆಳಗೆ ಕುಳಿತು ಹೆಂಗಸರು ಶೇಂಗಾ ಸುಲಿದದ್ದನ್ನು ನಾನು ಕಂಡಿಲ್ಲ.

ಈಗ ನಾನು ಆ ಪಡವಿಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಗವಂಡಿ ಸೋಮಣ್ಣ ಮಾಡು ಮುಗಿಸಿದ್ದಾನೆ, ಹಂಚುಗಳ ನಡುವೆ ಎರಡು ಗಾಜಿನ ಹಂಚು ಕೂಡಿಸಿದ್ದಾನೆ, ಬಿಸಿಲು ನೆಲಕ್ಕೆ ಚೌಕವಾಗಿ ಬಿದ್ದಿದೆ. ಮೂಲೆಯಿಂದ ಹೊಗೆ ಹೋಗಲು ಹಿಂದಿನ ಸಂದಿಯ ಕಡೆಗೆ ಕೊಳವೆ ಇಟ್ಟಿದ್ದಾನೆ. ಆಯಿಶಾ ಎದುರಿಗೆ ನಿಂತು ಅದನ್ನು ಮಾಡಿಸಿದಳು, ಅವಳ ಗೋಡೆಗೆ ಇನ್ನು ಮಸಿ ತಾಗುವುದಿಲ್ಲವಂತೆ. ಆ ಗೋಡೆಗೂ ನಿನ್ನ ಮಾವ ತಾವೇ ನಿಂತು ಹಸಿರು ಬಣ್ಣ ಹೊಡೆಸಿದರು. ಇಲ್ಲಿಂದ ಗುಡಿಯ ಹಿಂಭಾಗ ಚೆನ್ನಾಗಿ ಕಾಣುತ್ತದೆ, ಶಿಖರದ ಕಿಂಡಿಗಳಲ್ಲಿ ಗಿಳಿಗಳು ಜಗಳವಾಡುತ್ತಿವೆ. ಇಷ್ಟು ವರ್ಷ ಈ ಮನೆಯಲ್ಲಿದ್ದು ಈ ಗುಡಿಯನ್ನು ಇಷ್ಟು ಹೊತ್ತು ಕುಳಿತು ನೋಡಿದ್ದು ನಾನು ಈಗಲೇ. ಮಧ್ಯಾಹ್ನ ನಿನ್ನ ಮಾವ ಮುಂದಿನ ಕಟ್ಟೆ ಬಿಟ್ಟು ಇಲ್ಲಿಗೆ ಬಂದು ಚಾಪೆ ಹಾಸಿ ಮಲಗುತ್ತಾರೆ. ಇದು ಹೆಂಗಸರ ಜಾಗ ಎಂದರೆ, ನನ್ನ ಮೊಮ್ಮಗಳ ಜಾಗ ಎನ್ನುತ್ತಾರೆ. ಕೆಮ್ಮು ಕಡಿಮೆಯಾಗಿದೆ. ಒಟ್ಟಿನಲ್ಲಿ ನಾವು ಸುಖವಾಗಿದ್ದೇವೆ, ನಮ್ಮ ಚಿಂತೆ ಮಾಡಬೇಡ.

ನಿಮ್ಮ ಅಪ್ಪ ಅವ್ವನವರಿಗೆ ನಮ್ಮಿಬ್ಬರ ಶರಣು ತಿಳಿಸು. ನಿನ್ನನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ಅವರ ಹೊಟ್ಟೆ ತಣ್ಣಗಿರಲಿ. ನಿನ್ನ ಕೈಗೆ ಕಸುವು ಬರಲಿ, ಅಂಜಲಿ ಆಯುಷ್ಯವಂತೆಯಾಗಿ ಬೆಳೆಯಲಿ. ಆಕೆಯ ಎರಡೂ ಗಲ್ಲಕ್ಕೆ ಒಂದು ಅಜ್ಜಿಯದು, ಒಂದು ಅಜ್ಜನದು.

ನಿನ್ನ ಅತ್ತೆ,
ಮಂಗಳವ್ವ

ತಾ.ಕ.: ಕಾಗದ ಓದಿ ಹೇಳು ಎಂದು ನಿನ್ನ ಮಾವ ಹಟ ಹಿಡಿದರು. ರಾಣೆಬೆನ್ನೂರಿನ ಮಾತು ಬಂದಲ್ಲೆಲ್ಲ ಹಾರಿಸಿ ಓದಿದೆ. ಗರಸಿನ ಸುದ್ದಿ ಬಂದಾಗ, "ಅಷ್ಟೆಲ್ಲಾ ಬರೀಬೇಕಿತ್ತೇನ" ಎಂದು ಎದ್ದು ಕಲ್ಲೇಶನ ಮನೆಗೆ ಹೋದರು. ಅವರು ಬರುವುದರೊಳಗೆ ಇಷ್ಟು ಬರೆದು ಮಡಚುತ್ತೇನೆ. ಹೋದ ರವಿವಾರ ದೇವರಗುಡ್ಡಕ್ಕೆ ಹೋಗುತ್ತೇನೆಂದು ಹೇಳಿ ಮನೆಯಿಂದ ಹೊರಟೆ. ಹೋಗಿದ್ದು ಖರೆ, ಮಾಲತೇಶನಿಗೆ ಕಾಯಿ ಒಡೆಸಿದ್ದೂ ಖರೆ. ಬರುವಾಗ ರಾಣೆಬೆನ್ನೂರಿನಲ್ಲಿ ಇಳಿದು ಕಿರಣ ನೋಡಿಟ್ಟ ಮನೆಗೆ ಹೋಗಿದ್ದೆ. ಎಲ್ಲಿದೆ ಎಂದು ಅವನೇ ಒಂದು ದಿನ ಮಾತಿನ ಭರದಲ್ಲಿ ಹೇಳಿದ್ದ, ನಾನು ಹೋದದ್ದು ಅವನಿಗೆ ಗೊತ್ತಿಲ್ಲ. ಮನೆಯೊಡತಿ ಮುದುಕವ್ವ ಒಳಗೆ ಕರೆದು ಎಲ್ಲ ತೋರಿಸಿದಳು. ಏನಾದರೂ ಕೊರತೆ ಹುಡುಕಬೇಕೆಂದೇ ಹೋಗಿದ್ದೆ, ಸಿಗಲಿಲ್ಲ. ಅಡುಗೆಮನೆಗೆ ದೊಡ್ಡ ಕಿಟಕಿ ಇದೆ, ನೀರು ಚೆನ್ನಾಗಿದೆ, ಕಿರಣನ ಕಂಪನಿಗೆ ನಡೆದೇ ಹೋಗಬಹುದು. ಒಳ್ಳೆಯ ಮನೆ. ಪಡವಿ ಕಟ್ಟಿಸಿದ್ದಾರಲ್ಲ ಎಂಬ ದಾಕ್ಷಿಣ್ಯಕ್ಕೆ ನೀನು ಇಲ್ಲಿಗೆ ಬರಬೇಡ. ಅಲ್ಲಿಗೆ ಹೋದರೆ ನನಗೆ ಬೇಸರವಾಗುತ್ತದೆ, ಸಿಟ್ಟಾಗುವುದಿಲ್ಲ, ನಿನ್ನ ಮಾವನಿಗೆ ನಾನೇ ಹೇಳುತ್ತೇನೆ. ಪಡವಿ ಸುಮ್ಮನೆ ಬೀಳುವುದಿಲ್ಲ, ನಾನೇ ಅಲ್ಲಿ ನಿನ್ನ ಗಿರಾಕಿಗಳಿಗೆ ರೊಟ್ಟಿ ಬಡಿಯುತ್ತೇನೆ. ಆದರೆ ಸೋಮಣ್ಣ ಬರುವ ಶುಕ್ರವಾರ ಒಲೆಕಟ್ಟೆ ಹಾಕುತ್ತಾನೆ, ಎತ್ತರ ಎಷ್ಟು ಎಂದು ಕೇಳುತ್ತಿದ್ದಾನೆ. ನೀನು ನಿಂತು ಬಡಿಯುವವಳು, ನಾನು ಮಣೆಯ ಮೇಲೆ ಕುಳಿತು ಬಡಿಯುವವಳು. ಕಲ್ಲೇಶ ಗುರುವಾರ ಮತ್ತೆ ಪೇಟೆಗೆ ಬರುತ್ತಾನೆ. ಉದ್ದ ಕಾಗದ ಬೇಡ. ನಿಂತೋ, ಕುಳಿತೋ, ಅಷ್ಟು ಮಾತ್ರ ಹೇಳಿ ಕಳಿಸು.